ಎಲ್‌ಪಿ ತರಗತಿಗೂ ವಿಶೇಷ ಶಿಕ್ಷಣಕ್ಕೂ ಸಜ್ಜಾಗುವುದು ಹೇಗೆ? ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಿಗೊಂದು ದಾರಿ

ಕಾಸರಗೋಡಿನಲ್ಲಿ ಪ್ಲಸ್ ಟು ಮುಗಿಸಿದ ಕನ್ನಡದ ಹುಡುಗ ಹುಡುಗಿಯರು ಟೀಚರ್ ಆಗುವ ಮಾತೆತ್ತಿದರೆ ಮನೆಯವರು ಹೇಳುವುದು ಒಂದೇ: ಮಾಯಿಪ್ಪಾಡಿಯ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಅರ್ಜಿ ಹಾಕು. ಅಲ್ಲಿ ಸೀಟು ಸಿಗದೆ ಹೋದಾಗ ಮಾತ್ರ ಯಾರಾದರೂ ವಿಶೇಷ ಶಿಕ್ಷಣದ ಸುದ್ದಿ ಎತ್ತುತ್ತಾರೆ. ಈ ಕ್ರಮ ನನಗೆ ಒಪ್ಪಿಗೆಯಿಲ್ಲ. ಗಡಿನಾಡಿನ ಕನ್ನಡ ಶಾಲೆಯಲ್ಲಿ ಕಲಿಸಲು ಹೊರಟವರು ಎರಡನ್ನೂ ಕಲಿಯಬೇಕು. ಮೊದಲು ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ (ಡಿ.ಎಲ್.ಎಡ್.), ಅದರ ಬೆನ್ನಿಗೇ ವಿಶೇಷ ಶಿಕ್ಷಣದ ಡಿಪ್ಲೊಮಾ. ನಾಲ್ಕು ವರ್ಷ ಬೇಕಾಗುತ್ತದೆ, ನಿಜ. ಆದರೆ ನಮ್ಮ ಶಾಲೆಗಳ ಸ್ಥಿತಿ ನೋಡಿದವರಿಗೆ ಆ ನಾಲ್ಕು ವರ್ಷ ಹೆಚ್ಚೆನಿಸದು.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಪೈವಳಿಕೆಯಂಥ ಪಂಚಾಯತ್‌ಗಳ ಒಳಭಾಗದ ಎಲ್‌ಪಿ, ಅಂದರೆ ಕಿರಿಯ ಪ್ರಾಥಮಿಕ ಶಾಲೆಗಳನ್ನು ನೆನಪಿಸಿಕೊಳ್ಳಿ. ತರಗತಿಯಲ್ಲಿ ಮಕ್ಕಳು ಕಡಿಮೆ. ಆ ಕೆಲವೇ ಮಕ್ಕಳಲ್ಲಿ ಒಬ್ಬನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಇನ್ನೊಬ್ಬಳಿಗೆ ಬೌದ್ಧಿಕ ಬೆಳವಣಿಗೆ ನಿಧಾನ, ಮತ್ತೊಬ್ಬ ಎರಡನೆಯ ತರಗತಿ ಮುಗಿಯುತ್ತ ಬಂದರೂ ಅಕ್ಷರ ಕೂಡಿಸಲಾರ. ಸಮಗ್ರ ಶಿಕ್ಷಾ ಎಂಬ ಸರಕಾರಿ ಯೋಜನೆಯ ಬಿಆರ್‌ಸಿಯಿಂದ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬರುವ ವಿಶೇಷ ಶಿಕ್ಷಕಿಗೆ ಹಲವು ಶಾಲೆಗಳ ಜವಾಬ್ದಾರಿ. ಅವರು ಬರುವುದು ಗೊತ್ತುಪಡಿಸಿದ ದಿನ ಮಾತ್ರ. ಅವರಿಗೆ ಕನ್ನಡವಾಗಲಿ ತುಳುವಾಗಲಿ ಬಾರದಿದ್ದರೆ ತಾಯಿಯೊಂದಿಗೆ ಮಾತನಾಡಲೂ ಇನ್ನೊಬ್ಬರು ಬೇಕು. ಉಳಿದ ದಿನಗಳಲ್ಲಿ ಆ ಮಗುವಿಗೆ ಯಾರು? ತರಗತಿಯ ಟೀಚರ್ ಒಬ್ಬರೇ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ನಾಡು ಇದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶಾದ್ಯಂತ ನಿಷೇಧಿಸಿತು. ಅದರ ಗಾಯ ಹೊತ್ತ ಕುಟುಂಬಗಳಲ್ಲಿ ಕನ್ನಡ, ತುಳು, ಮರಾಠಿ ಮನೆಮಾತಿನವರು ಬಹಳ ಮಂದಿ. ಅವರ ಮಕ್ಕಳಿಗೆ ಅವರ ಮಾತಿನಲ್ಲೇ ಕಲಿಸಬಲ್ಲವರು ನಮ್ಮೂರಿನಿಂದಲೇ ತಯಾರಾಗಬೇಕು.

ಮೊದಲು ತಿಳಿಯಬೇಕಾದದ್ದು: ಯಾವ ಅರ್ಹತೆಗೆ ಯಾವ ಕೆಲಸ

ಇಲ್ಲಿ ಎರಡು ಪ್ರತ್ಯೇಕ ಸಂಸ್ಥೆಗಳ ನಿಯಮಗಳಿವೆ. ಸಾಮಾನ್ಯ ಶಿಕ್ಷಕರ ತರಬೇತಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ ಕೈಯಲ್ಲಿದೆ. ವಿಶೇಷ ಶಿಕ್ಷಕರ ತರಬೇತಿ ಭಾರತೀಯ ಪುನರ್ವಸತಿ ಪರಿಷತ್ತಿನದು. ಇದನ್ನು ಎಲ್ಲರೂ ಆರ್‌ಸಿಐ ಎಂದೇ ಕರೆಯುತ್ತಾರೆ. ಇದು 1992ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ಈ ಕಾಯ್ದೆಯ ಪ್ರಕಾರ ಪರಿಷತ್ತಿನ ಕೇಂದ್ರೀಯ ಪುನರ್ವಸತಿ ನೋಂದಣಿಪುಸ್ತಕದಲ್ಲಿ ಹೆಸರಿಲ್ಲದವರು ವಿಶೇಷ ಶಿಕ್ಷಕರಾಗಿ ಕೆಲಸ ಮಾಡುವಂತಿಲ್ಲ. ಹಾಗೆ ಮಾಡುವುದು ಶಿಕ್ಷಾರ್ಹ ಅಪರಾಧ. ಹೆಸರು ಒಮ್ಮೆ ಸೇರಿತೆಂದರೆ ದೇಶದ ಯಾವ ಮೂಲೆಯಲ್ಲೂ ಕೆಲಸ ಮಾಡಬಹುದು. ಗಡಿಯಲ್ಲಿ ಬದುಕುವ ನಮಗೆ ಇದು ದೊಡ್ಡ ಅನುಕೂಲ. ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿ ಮಾತ್ರ ಆಯಾ ರಾಜ್ಯದ ನಿಯಮ, ಆಯಾ ರಾಜ್ಯದ ಅರ್ಹತಾ ಪರೀಕ್ಷೆಗೆ ಕಟ್ಟುಬಿದ್ದದ್ದು.

ನಮ್ಮಲ್ಲಿ ಕನ್ನಡ ಬಿ.ಎ., ಬಿ.ಎಡ್. ಮಾಡಿಕೊಂಡು ಎಲ್‌ಪಿ ಶಾಲೆಗೆ ಸೇರಬಹುದೆಂದು ಕಾದವರು ಅನೇಕರಿದ್ದಾರೆ. 2018ರಲ್ಲಿ ಎನ್‌ಸಿಟಿಇ ಆ ಬಾಗಿಲನ್ನು ತೆರೆದಿತ್ತು. 2023ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಮುಚ್ಚಿತು. 1ರಿಂದ 5ನೆಯ ತರಗತಿವರೆಗೆ ಕಲಿಸಲು ಬಿ.ಎಡ್. ಅರ್ಹತೆಯಲ್ಲ, ಚಿಕ್ಕ ಮಕ್ಕಳಿಗೆ ಕಲಿಸುವ ವಿಧಾನವೇ ಬೇರೆ ಎಂಬುದು ನ್ಯಾಯಾಲಯದ ನಿಲುವು. ಬಹಳ ಮಂದಿಗೆ ಇದರಿಂದ ನೋವಾಯಿತು. ಆದರೂ ಆ ನಿಲುವು ಸರಿ ಎಂದೇ ನನಗನಿಸುತ್ತದೆ. ಆರು ವರ್ಷದ ಮಗುವಿಗೆ ಸೊನ್ನೆ ಎಂದರೇನೆಂದು ಅರ್ಥ ಮಾಡಿಸುವುದು ಪ್ರೌಢಶಾಲೆಯ ಪಾಠಕ್ಕಿಂತ ಸುಲಭವಲ್ಲ, ಅದು ಪ್ರತ್ಯೇಕವಾಗಿ ಕಲಿಯಬೇಕಾದ ವಿದ್ಯೆ.

ವಿಶೇಷ ಶಿಕ್ಷಣದ ಡಿಪ್ಲೊಮಾ ಒಂದರಿಂದಲೇ ಎಲ್‌ಪಿ ಶಾಲೆಗೆ ಹೋಗಲಾಗದೇ ಎಂದು ಕೇಳುವವರಿದ್ದಾರೆ. ಎನ್‌ಸಿಟಿಇಯ 2010ರ ಅಧಿಸೂಚನೆಯಲ್ಲಿ 1ರಿಂದ 5ನೆಯ ತರಗತಿಯ ಅರ್ಹತೆಗಳ ಪಟ್ಟಿಯಲ್ಲಿ ಎರಡು ವರ್ಷದ ವಿಶೇಷ ಶಿಕ್ಷಣ ಡಿಪ್ಲೊಮಾವೂ ಇದೆ. ನೇಮಕವಾದ ಮೇಲೆ ಪ್ರಾಥಮಿಕ ಶಿಕ್ಷಣದ ಆರು ತಿಂಗಳ ವಿಶೇಷ ತರಬೇತಿ ಪಡೆಯಬೇಕೆಂಬ ಷರತ್ತಿನೊಂದಿಗೆ. ಆದರೆ ಕೇರಳ ಪಿಎಸ್‌ಸಿಯ, ಅಂದರೆ ಲೋಕಸೇವಾ ಆಯೋಗದ ಹುದ್ದೆಗೆ ರಾಜ್ಯದ ನಿಯಮ ಏನನ್ನುತ್ತದೆ ಎಂಬುದೇ ಮುಖ್ಯ. ಆ ಷರತ್ತನ್ನು ನಂಬಿ ನಾಲ್ಕೈದು ವರ್ಷ ಕಾಯುವ ಬದಲು ಡಿ.ಎಲ್.ಎಡ್. ಅನ್ನೇ ಮೊದಲು ಮಾಡಿಕೊಳ್ಳುವುದು ಭದ್ರ.

ಮೊದಲ ಎರಡು ವರ್ಷ: ಡಿ.ಎಲ್.ಎಡ್.

ಹಿಂದೆ ಟಿಟಿಸಿ ಎನ್ನುತ್ತಿದ್ದುದು ಇದೇ. ಹಳಬರು ಈಗಲೂ ಹಾಗೆಯೇ ಅನ್ನುತ್ತಾರೆ. ಕೇರಳದಲ್ಲಿ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಪ್ಲಸ್ ಟುವಿನಲ್ಲಿ ಶೇಕಡಾ 50 ಅಂಕ ಬೇಕು, ಮೀಸಲಾತಿ ವರ್ಗಗಳಿಗೆ ರಿಯಾಯಿತಿ ಇದೆ. ವಯೋಮಿತಿಯೂ ಇದೆ. ಅರ್ಜಿ ಹೋಗಬೇಕಾದುದು ಜಿಲ್ಲಾ ಶಿಕ್ಷಣ ಉಪನಿರ್ದೇಶಕರಿಗೆ. ಸರಕಾರಿ ಮತ್ತು ಅನುದಾನಿತ ಸಂಸ್ಥೆಗಳಿಗೆ ಒಂದು ಪ್ರಕಟಣೆ, ಸ್ವಾಶ್ರಯ ಸಂಸ್ಥೆಗಳಿಗೆ ಇನ್ನೊಂದು. ಪ್ಲಸ್ ಟು ಫಲಿತಾಂಶದ ನಂತರದ ವಾರಗಳಲ್ಲಿ ಸಾಮಾನ್ಯ ಶಿಕ್ಷಣ ಇಲಾಖೆಯ ಜಾಲತಾಣವನ್ನೂ ನಮ್ಮ ಗಡಿನಾಡಿನ ಪತ್ರಿಕೆಗಳನ್ನೂ ತಪ್ಪದೆ ನೋಡುತ್ತಿರಿ. ಅರ್ಜಿಯಲ್ಲಿ ಕನ್ನಡ ಮಾಧ್ಯಮ ಎಂದು ಸ್ಪಷ್ಟವಾಗಿ ಗುರುತು ಮಾಡಿ. ಒಂದನೆಯ ತರಗತಿಯಿಂದ ಕನ್ನಡದಲ್ಲಿ ಓದಿದ್ದಕ್ಕೆ ಓದಿದ ಶಾಲೆಗಳಿಂದ ಪ್ರಮಾಣಪತ್ರ ಪಡೆದು ಇಟ್ಟುಕೊಳ್ಳಿ. ಮುಂದೆ ಕರ್ನಾಟಕದಲ್ಲಿ ಗಡಿನಾಡ ಕನ್ನಡಿಗರೆಂದು ಯಾವುದಾದರೂ ಕೋರ್ಸಿಗೆ ಅರ್ಜಿ ಹಾಕುವಾಗಲೂ ಅದು ಬೇಕಾಗುತ್ತದೆ.

ಹಾಜರಾತಿಯ ವಿಷಯದಲ್ಲಿ ಎನ್‌ಸಿಟಿಇಯ 2014ರ ನಿಯಮಾವಳಿ ಕಟ್ಟುನಿಟ್ಟು. ತರಗತಿ ಮತ್ತು ಪ್ರಾಯೋಗಿಕ ಕೆಲಸಕ್ಕೆ ಶೇಕಡಾ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇಕಡಾ 90. ಎರಡೂ ಡಿಪ್ಲೊಮಾಗಳನ್ನು ಒಟ್ಟಿಗೆ ಮಾಡಿ ಮುಗಿಸುವ ಯೋಚನೆ ಇದ್ದರೆ ಅದನ್ನು ಇಲ್ಲಿಗೇ ಬಿಡಿ. ಎರಡೂ ಪೂರ್ಣಾವಧಿ ಕೋರ್ಸುಗಳು, ಎರಡರಲ್ಲೂ ಬೆಳಗ್ಗಿನಿಂದ ಸಂಜೆವರೆಗೆ ಕುಳಿತು ಕಲಿಯಬೇಕು. ಯಾವುದಾದರೂ ಸಂಸ್ಥೆ "ಬರದಿದ್ದರೂ ಪರವಾಗಿಲ್ಲ, ಪರೀಕ್ಷೆ ಬರೆದರೆ ಸಾಕು" ಎಂದರೆ ಅಲ್ಲಿಂದ ತಿರುಗಿ ಬನ್ನಿ.

ಈ ಎರಡು ವರ್ಷಗಳಲ್ಲೇ ಮುಂದಿನ ಎರಡು ವರ್ಷಗಳಿಗೆ ತಯಾರಾಗಬೇಕು. ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ವಿಶೇಷ ಅಗತ್ಯದ ಮಗು ಇದ್ದರೆ ಆ ತರಗತಿಯನ್ನೇ ಕೇಳಿ ಪಡೆಯಿರಿ. ಬಿಆರ್‌ಸಿಯ ವಿಶೇಷ ಶಿಕ್ಷಕಿ ಬರುವ ದಿನ ತಿಳಿದುಕೊಂಡು ಅವರ ಜೊತೆ ಕೂರಿ. ಹಾಸಿಗೆ ಹಿಡಿದ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಲು ಅವರು ಹೋಗುತ್ತಾರೆ, ಅನುಮತಿ ಸಿಕ್ಕರೆ ಜೊತೆಗೆ ಹೋಗಿ. ರಜೆಯಲ್ಲಿ ನಿಮ್ಮ ಪಂಚಾಯತ್‌ನ ಬಡ್ಸ್ ಶಾಲೆಗೆ, ಅಂದರೆ ಬೌದ್ಧಿಕ ಅಸಾಮರ್ಥ್ಯವಿರುವ ಮಕ್ಕಳ ಶಾಲೆಗೆ ಹೋಗಿ ಬನ್ನಿ. ಸ್ಥಳೀಯ ಸಂಸ್ಥೆಗಳು ಕುಟುಂಬಶ್ರೀಯ ಸಹಕಾರದಿಂದ ನಡೆಸುವ ಈ ಶಾಲೆಗಳು ನಮ್ಮ ಜಿಲ್ಲೆಯಲ್ಲಿ ಎಂಡೋಸಲ್ಫಾನ್ ಬಾಧಿತ ಮಕ್ಕಳಿಗೆ ದೊಡ್ಡ ಆಸರೆ. ವಿದ್ಯಾನಗರದಲ್ಲಿ ಸರಕಾರಿ ಅಂಧರ ಶಾಲೆ ಇದೆ, ಚೆರ್ಕಳದಲ್ಲಿ ಕಿವುಡ ಮಕ್ಕಳ ಶಾಲೆ ಇದೆ. ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು ಅನುಮತಿ ಕೇಳಿ, ಒಂದು ದಿನ ಪೂರ್ತಿ ಕುಳಿತು ನೋಡಿ. ಈ ಮಕ್ಕಳ ನಡುವೆ ಇರುವುದು ನಿಮಗೆ ಒಗ್ಗುತ್ತದೆಯೇ ಇಲ್ಲವೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಕನಿಕರ ಮಾತ್ರ ಬಂದರೆ ಈ ಕೆಲಸಕ್ಕೆ ಅದು ಸಾಲದು. ಈ ಮಗು ಮುಂದಿನದನ್ನು ಹೇಗೆ ಕಲಿಯಬಹುದು ಎಂಬ ಕುತೂಹಲ ಹುಟ್ಟಬೇಕು.

ಮುಂದಿನ ಎರಡು ವರ್ಷ: ವಿಶೇಷ ಶಿಕ್ಷಣದ ಡಿಪ್ಲೊಮಾ

ಇದಕ್ಕೂ ಪ್ಲಸ್ ಟು ಅರ್ಹತೆಯೇ ಸಾಕು, ಡಿ.ಎಲ್.ಎಡ್. ಆಗಿರಬೇಕೆಂದಿಲ್ಲ. ಪ್ರವೇಶದ ಪ್ರಕಟಣೆ ಆರ್‌ಸಿಐ ಜಾಲತಾಣದಲ್ಲೇ ಬರುತ್ತದೆ. ಅಂತಿಮ ಪರೀಕ್ಷೆಯನ್ನು ಪುನರ್ವಸತಿ ಪರೀಕ್ಷೆಗಳ ರಾಷ್ಟ್ರೀಯ ಮಂಡಳಿ ನಡೆಸುತ್ತದೆ. ಮೊದಲ ನಿರ್ಧಾರ ಯಾವ ವಿಭಾಗ ಎಂಬುದು. ಶ್ರವಣದೋಷಕ್ಕೆ ಒಂದು, ದೃಷ್ಟಿದೋಷಕ್ಕೆ ಒಂದು, ಬೌದ್ಧಿಕ ಮತ್ತು ಬೆಳವಣಿಗೆಯ ಅಸಾಮರ್ಥ್ಯಗಳಿಗೆ ಇನ್ನೊಂದು. ಎಲ್‌ಪಿ ಶಾಲೆಯಲ್ಲೇ ನಿಲ್ಲುವ ಮನಸ್ಸಿದ್ದವರಿಗೆ ನಾನು ಹೇಳುವುದು ಮೂರನೆಯದನ್ನು. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಓದು ಬರಹ ಲೆಕ್ಕದಲ್ಲಿ ಮಾತ್ರ ತೊಡಕಾಗುವ ಕಲಿಕಾ ನ್ಯೂನತೆ, ಇವೆಲ್ಲ ಅದರೊಳಗೆ ಬರುತ್ತವೆ. ಸಾಮಾನ್ಯ ಶಾಲೆಯಲ್ಲಿ ನಿಮಗೆ ಎದುರಾಗುವ ಹೆಚ್ಚಿನ ಮಕ್ಕಳು ಇವರೇ. ಮನೆಯಲ್ಲೇ ಕಿವುಡ ತಮ್ಮನೋ ತಂಗಿಯೋ ಇದ್ದು ಸನ್ನೆಭಾಷೆ ಮೊದಲೇ ಬರುವವರು ಶ್ರವಣದೋಷದ ವಿಭಾಗವನ್ನು ಬಿಡಬಾರದು.

ಎಲ್ಲಿ ಕಲಿಯುವುದು? ದಕ್ಷಿಣಕ್ಕೆ ಕೋಝಿಕ್ಕೋಡಿನಲ್ಲಿ ವಿಕಲಚೇತನರಿಗಾಗಿ ಕೇಂದ್ರ ಸರಕಾರ ನಡೆಸುವ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ತಿರುವನಂತಪುರದ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ (ನಿಷ್) ಶ್ರವಣದೋಷದ ಕ್ಷೇತ್ರದಲ್ಲಿ ಹೆಸರಾದದ್ದು. ಉತ್ತರಕ್ಕೆ ಮಂಗಳೂರು ಒಂದೆರಡು ಗಂಟೆಯ ದಾರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಯಾವುದಕ್ಕೆ ಸೇರುವ ಮೊದಲೂ ಮೂರು ವಿಷಯ ಖಚಿತ ಮಾಡಿಕೊಳ್ಳಿ. ಆ ಸಂಸ್ಥೆಗೆ, ಆ ಕೋರ್ಸಿಗೆ, ನೀವು ಸೇರುವ ಆ ವರ್ಷಕ್ಕೆ ಆರ್‌ಸಿಐ ಮಾನ್ಯತೆ ಇದೆಯೇ? ಮಾನ್ಯತೆಗೆ ಅವಧಿ ಇರುತ್ತದೆ, ಐದು ವರ್ಷದ ಹಿಂದೆ ಓದಿದ ಪರಿಚಯದವರ ಮಾತು ಇವತ್ತಿಗೆ ಸಾಕ್ಷಿಯಾಗದು. ಪರೀಕ್ಷೆಯನ್ನು ಯಾವ ಭಾಷೆಯಲ್ಲಿ ಬರೆಯಬಹುದು? ಅಭ್ಯಾಸಕ್ಕೆ ಕಳುಹಿಸುವ ಶಾಲೆಗಳ ಮಕ್ಕಳು ಯಾವ ಭಾಷೆಯವರು? ಈ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕನ್ನಡ ಮಾತನಾಡುವ ಮಕ್ಕಳ ಜೊತೆ ಅಭ್ಯಾಸ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಗಡಿ ದಾಟಿ ಮಂಗಳೂರು ಕಡೆಗೆ ಹೋದರೂ ತಪ್ಪಲ್ಲ. ಆರ್‌ಸಿಐ ನೋಂದಣಿಗೆ ರಾಜ್ಯದ ಗಡಿ ಅಡ್ಡಬಾರದು. ಡಿ.ಎಲ್.ಎಡ್. ಅನ್ನು ಮಾತ್ರ ಕರ್ನಾಟಕದಲ್ಲಿ ಮಾಡುವುದಾದರೆ ಕೇರಳ ಪಿಎಸ್‌ಸಿಯ ಹಿಂದಿನ ಅಧಿಸೂಚನೆ ತೆರೆದು, ಆ ಡಿಪ್ಲೊಮಾವನ್ನು ಒಪ್ಪುತ್ತಾರೆಯೇ, ಸಮಾನತಾ ಪ್ರಮಾಣಪತ್ರ ಬೇಕೇ ಎಂದು ಮೊದಲೇ ಓದಿ ನೋಡಿ.

ಆರು ತಿಂಗಳ ಆನ್‌ಲೈನ್ ಪ್ರಮಾಣಪತ್ರ ಕೊಡುತ್ತೇವೆ, ವಿಶೇಷ ಶಿಕ್ಷಕರಾಗಬಹುದು ಎನ್ನುವ ಜಾಹೀರಾತುಗಳು ಮೊಬೈಲಿಗೆ ಬರುತ್ತಲೇ ಇರುತ್ತವೆ. ಆರ್‌ಸಿಐ ಮಾನ್ಯತೆ ಇಲ್ಲದ ಕಾಗದದಿಂದ ನೋಂದಣಿಪುಸ್ತಕದಲ್ಲಿ ಹೆಸರು ಬರುವುದಿಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿ 2020ರ ಬಳಿಕ ನಾಲ್ಕು ವರ್ಷದ ಸಂಯೋಜಿತ ಶಿಕ್ಷಕ ತರಬೇತಿಯ ಕಡೆಗೆ ದೇಶ ಸರಿಯುತ್ತಿದೆ. 2030ರ ಹೊತ್ತಿಗೆ ಶಿಕ್ಷಕರಿಗೆ ಅದೇ ಕನಿಷ್ಠ ಅರ್ಹತೆಯಾಗಬೇಕೆಂದು ನೀತಿ ಹೇಳುತ್ತದೆ. ನಮ್ಮ ಜಿಲ್ಲೆಯಲ್ಲೇ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅಂಥ ಕೋರ್ಸ್ ಆರಂಭವಾಗಿದೆ. ಈಗ ಪ್ಲಸ್ ಟುವಿನಲ್ಲಿರುವವರು ಈ ಬದಲಾವಣೆಯ ಮೇಲೆ ಕಣ್ಣಿಟ್ಟಿರಬೇಕು. ಎರಡು ಡಿಪ್ಲೊಮಾ ಮಾಡುತ್ತಲೇ ದೂರಶಿಕ್ಷಣದಲ್ಲಿ ಒಂದು ಪದವಿ ಮುಗಿಸಿಕೊಂಡರೆ, ಅಥವಾ ಡಿಪ್ಲೊಮಾ ಮುಗಿದ ತಕ್ಷಣ ಪದವಿಗೆ ಸೇರಿಕೊಂಡರೆ ಮುಂದೆ ಯಾವ ನಿಯಮ ಬಂದರೂ ಕೈಗೆ ಉತ್ತರವಿರುತ್ತದೆ.

ತರಬೇತಿಯಲ್ಲೇ ಕೈಗೂಡಬೇಕಾದ ಕೆಲಸಗಳು

ಎರಡು ತರಬೇತಿಗಳನ್ನು ಎರಡು ಡಬ್ಬಿಗಳಲ್ಲಿ ಮುಚ್ಚಿಡುವುದಾದರೆ ಇಷ್ಟು ಕಷ್ಟಪಟ್ಟು ಕಲಿಯುವುದು ಬೇಡ. ಒಂದು ಇನ್ನೊಂದರೊಳಗೆ ಇಳಿಯಬೇಕು. ಹೇಗೆ ಎಂಬುದಕ್ಕೆ ನಮ್ಮೂರಿನ ತರಗತಿಯಿಂದಲೇ ಕೆಲವು ಸಂಗತಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲನೆಯದು, ಭಾಷೆಯ ಅಂತರವನ್ನೂ ಅಸಾಮರ್ಥ್ಯವನ್ನೂ ಬೇರ್ಪಡಿಸಿ ನೋಡಲು ಕಲಿಯುವುದು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಇಲ್ಲವೇ ಮಲಯಾಳ ಮಾತನಾಡುವ ಮಗು ಕನ್ನಡ ಶಾಲೆಗೆ ಬರುತ್ತದೆ. ಪುಸ್ತಕದ ಕನ್ನಡ ಅದಕ್ಕೆ ಹೊಸದು. ಹವ್ಯಕ ಕನ್ನಡದ ಮನೆಯ ಮಗುವಿಗೂ ಅದು ಅರೆಹೊಸದು. ಅದರ ಜೊತೆಗೆ ಅವೇ ವರ್ಷಗಳಲ್ಲಿ ಇಂಗ್ಲಿಷ್ ಮತ್ತು ಮಲಯಾಳ ಲಿಪಿಗಳೂ ಬರುತ್ತವೆ. ಸುಮ್ಮನೆ ಕುಳಿತ ಮಗುವನ್ನು ಕಂಡು ನಿಧಾನ ಕಲಿಯುವವ ಎಂದು ಪಟ್ಟಿಯಲ್ಲಿ ಬರೆದುಬಿಡುವುದು ಸುಲಭ. "ಟೀಚರೇ, ಮನೆಯಲ್ಲಿ ಇವನು ಬಾಯಿ ಮುಚ್ಚುವುದೇ ಇಲ್ಲ" ಎಂದು ತಾಯಿ ಹೇಳಿದರೆ ಆ ಮಾತನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಅದು ಅತ್ಯಂತ ಮುಖ್ಯವಾದ ಮಾಹಿತಿ.

ನೋಡುವ ಕ್ರಮ ಹೀಗಿರಲಿ. ಮೊದಲು ಕಿವಿ: ಬೆನ್ನ ಹಿಂದಿನಿಂದ ಮೆಲ್ಲನೆ ಹೆಸರು ಕರೆದರೆ ತಿರುಗುತ್ತಾನೆಯೇ? ಮತ್ತೆ ಕಣ್ಣು: ಹಲಗೆಯಿಂದ ಬರೆದುಕೊಳ್ಳುವಾಗ ತಪ್ಪುವುದು, ಪುಸ್ತಕದಿಂದ ಬರೆಯುವಾಗ ಸರಿಯಿರುವುದು, ಇಂಥದ್ದೇನಾದರೂ ಇದೆಯೇ? ಅನಂತರ ಮನೆಮಾತಿನಲ್ಲಿ ಎರಡು ಹಂತದ ಸೂಚನೆ ಕೊಡಿ, ಚೀಲದಿಂದ ಪುಸ್ತಕ ತೆಗೆದು ಕಿಟಕಿಯ ಮೇಲಿಡು ಎಂಬಂತೆ. ತುಳುವಿನಲ್ಲಿ ಹೇಳಿದಾಗ ಥಟ್ಟನೆ ಮಾಡಿ, ಕನ್ನಡದಲ್ಲಿ ಹೇಳಿದಾಗ ಮುಖ ನೋಡಿದರೆ ಆ ಮಗುವಿಗೆ ಬೇಕಾದುದು ಕನ್ನಡದ ಒಡನಾಟ. ಮನೆಮಾತಿನಲ್ಲೂ ಆಟದಲ್ಲೂ ಅದೇ ತೊಡಕು ಕಂಡರೆ ಆಗ ಮುಂದಿನ ಹೆಜ್ಜೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಹೊರತಂದ ಪ್ರಶಸ್ತ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ತರಗತಿ ಟೀಚರ್ ತುಂಬಬೇಕಾದ ಗುರುತಿಸುವಿಕೆಯ ಪಟ್ಟಿಯಿದೆ, ಅದರ ಎರಡನೆಯ ಭಾಗವನ್ನು ವಿಶೇಷ ಶಿಕ್ಷಕರು ನೋಡುತ್ತಾರೆ. ಬಳಿಕ ಬಿಆರ್‌ಸಿಯ ವೈದ್ಯಕೀಯ ಶಿಬಿರ, ಇಲ್ಲವೇ ಜಿಲ್ಲಾ ಆರಂಭಿಕ ಹಸ್ತಕ್ಷೇಪ ಕೇಂದ್ರ. ರೋಗನಿರ್ಣಯ ಟೀಚರ್‌ ಕೆಲಸವಲ್ಲ, ಎರಡು ಡಿಪ್ಲೊಮಾ ಇದ್ದವರದೂ ಅಲ್ಲ. ಯಾವ ಮಗುವನ್ನು, ಯಾವಾಗ, ಯಾವ ಟಿಪ್ಪಣಿಯೊಂದಿಗೆ ಕಳುಹಿಸಬೇಕೆಂದು ತಿಳಿಯುವುದೇ ನಮ್ಮ ಕೆಲಸ.

ಎರಡನೆಯದು ಕನ್ನಡ ಓದಿಸುವುದು. ಕಲಿಕಾ ನ್ಯೂನತೆಯ ಬಗ್ಗೆ ಪಠ್ಯದಲ್ಲಿ ಸಿಗುವ ಉದಾಹರಣೆಗಳು ಹೆಚ್ಚಾಗಿ ಇಂಗ್ಲಿಷಿನವು. ನಮ್ಮ ಲಿಪಿಯ ತೊಡಕುಗಳೇ ಬೇರೆ. ಮರ, ದನ, ಕಮಲ ಓದುವ ಮಗು ಗುಣಿತಾಕ್ಷರಕ್ಕೆ ಬಂದಾಗ ತಡವರಿಸುತ್ತದೆ. ಅಕ್ಕ, ಹಗ್ಗ ಎಂಬ ಸಜಾತೀಯ ಒತ್ತು ದಾಟಿದ ಮಗು ಪುಸ್ತಕ, ಮುಷ್ಟಿ ಎಂಬಲ್ಲಿ ನಿಲ್ಲುತ್ತದೆ. ಎಲ್ಲಕ್ಕಿಂತ ಕಠಿಣ ಅರ್ಕಾವೊತ್ತು. ಸೂರ್ಯ ಎಂದು ಬರೆದಾಗ ಕಣ್ಣಿಗೆ ಮೊದಲು ಕಾಣುವುದು ಯ, ಬಾಯಿಗೆ ಮೊದಲು ಬರಬೇಕಾದುದು ರ್. ಸಾಮಾನ್ಯ ಮಗು ಇದನ್ನು ಕೇಳಿ ಕೇಳಿ ರೂಢಿ ಮಾಡಿಕೊಳ್ಳುತ್ತದೆ. ತೊಡಕಿರುವ ಮಗುವಿಗೆ ಇದನ್ನು ಬಿಡಿಸಿ ತೋರಿಸಬೇಕು. ಅಕ್ಷರದ ಬಿಲ್ಲೆಗಳನ್ನು ಮೇಜಿನ ಮೇಲೆ ಉಚ್ಚಾರದ ಕ್ರಮದಲ್ಲಿ ಇಟ್ಟು, ಆಮೇಲೆ ಬರಹದ ಕ್ರಮಕ್ಕೆ ಸರಿಸಿ, ಮಗುವಿನ ಕೈಯಿಂದಲೇ ಸರಿಸಿಸಿ. ಡಿ.ಎಲ್.ಎಡ್. ಓದುವಾಗಲೇ ನಿಮ್ಮ ಶಾಲೆಯ ಮೊದಲ ಎರಡು ತರಗತಿಗಳ ಕನ್ನಡ ಪಠ್ಯದ ಪದಗಳನ್ನು ಈ ಕ್ರಮದಲ್ಲಿ ವಿಂಗಡಿಸಿ ಒಂದು ಪುಸ್ತಕದಲ್ಲಿ ಬರೆದಿಡಿ. ವಿಶೇಷ ಶಿಕ್ಷಣದ ಅಭ್ಯಾಸಕ್ಕೆ ಅದರಷ್ಟು ಉಪಯೋಗವಾಗುವ ಸಾಮಗ್ರಿ ಇನ್ನೊಂದಿಲ್ಲ.

ಕನ್ನಡ ಬ್ರೈಲ್ ಕಲಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ಅದು ಆರು ಚುಕ್ಕಿಗಳ ಭಾರತಿ ಬ್ರೈಲ್ ಪದ್ಧತಿಯದು. ಅಲ್ಲಿ ಒತ್ತಕ್ಷರ ಕೆಳಗಿಳಿಯುವುದಿಲ್ಲ, ಗುಣಿತದ ಚಿಹ್ನೆ ತಲೆಯ ಮೇಲೇರುವುದಿಲ್ಲ. ಎಲ್ಲವೂ ಒಂದೇ ಸಾಲಿನಲ್ಲಿ, ಒಂದರ ಪಕ್ಕ ಒಂದು. ಕಣ್ಣಿಗೆ ಕಾಣುವ ಕನ್ನಡಕ್ಕೂ ಕಿವಿಗೆ ಕೇಳುವ ಕನ್ನಡಕ್ಕೂ ಇರುವ ವ್ಯತ್ಯಾಸ ಅದನ್ನು ಕಲಿತಾಗ ಚೆನ್ನಾಗಿ ಮನದಟ್ಟಾಗುತ್ತದೆ.

ಮೂರನೆಯದು ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುವುದು. ಎಲ್ಲರೂ ಇದನ್ನು ಐಇಪಿ ಎನ್ನುತ್ತಾರೆ. ಮೊದಲು ಮಗುವಿಗೆ ಈಗ ಏನೇನು ಬರುತ್ತದೆ ಎಂದು ಅಳೆಯಬೇಕು. ಮದ್ರಾಸ್ ಡೆವಲಪ್‌ಮೆಂಟಲ್ ಪ್ರೋಗ್ರಾಮಿಂಗ್ ಸಿಸ್ಟಮ್ ಎಂಬ ಪಟ್ಟಿಯಲ್ಲಿ 18 ಕ್ಷೇತ್ರಗಳು, ಒಂದೊಂದರಲ್ಲೂ 20ರಂತೆ ಒಟ್ಟು 360 ಅಂಶಗಳಿವೆ. ಊಟ, ಬಟ್ಟೆ, ಮಾತು, ಎಣಿಕೆ, ಹಣ ಎಲ್ಲವೂ ಅದರಲ್ಲಿ ಬರುತ್ತವೆ. ಗುರಿ ಬರೆಯುವಾಗ "ಓದಲು ಕಲಿಯುತ್ತಾನೆ" ಎಂದರೆ ಅದು ಗುರಿಯಾಗದು. "ಓಣಂ ರಜೆಯೊಳಗೆ, ಸರಳ ಅಕ್ಷರಗಳ 20 ಪದಗಳಲ್ಲಿ 16ನ್ನು ಚಿತ್ರದ ಸಹಾಯವಿಲ್ಲದೆ, ಮೂರು ದಿನ ಸತತವಾಗಿ ಓದುತ್ತಾನೆ" ಎಂದು ಬರೆಯಿರಿ. ಆಗಿದೆಯೇ ಇಲ್ಲವೇ ಎಂದು ನೋಡಿದ ಯಾರಿಗಾದರೂ ತಿಳಿಯಬೇಕು.

ದೊಡ್ಡ ಕೆಲಸವನ್ನು ಸಣ್ಣ ಹಂತಗಳಾಗಿ ಒಡೆಯುವುದನ್ನು ವಿಶೇಷ ಶಿಕ್ಷಣದಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಕೈ ತೊಳೆಯುವುದನ್ನೇ ತೆಗೆದುಕೊಳ್ಳಿ. ನಲ್ಲಿ ತಿರುಗಿಸುವುದು, ಕೈ ಒದ್ದೆ ಮಾಡುವುದು, ಸಾಬೂನು ಹಚ್ಚುವುದು, ಉಜ್ಜುವುದು, ತೊಳೆಯುವುದು, ನಲ್ಲಿ ನಿಲ್ಲಿಸುವುದು, ಒರೆಸುವುದು. ಬೌದ್ಧಿಕ ಅಸಾಮರ್ಥ್ಯ ತೀವ್ರವಾಗಿರುವ ಮಗುವಿಗೆ ಕೊನೆಯಿಂದ ಕಲಿಸುವುದು ಹಲವು ಬಾರಿ ಫಲ ಕೊಡುತ್ತದೆ. ಉಳಿದದ್ದನ್ನೆಲ್ಲ ನೀವು ಕೈಹಿಡಿದು ಮಾಡಿಸಿ, ಒರೆಸುವುದನ್ನು ಮಾತ್ರ ಮಗುವಿಗೆ ಬಿಡಿ. ಅದು ಬಂದ ಮೇಲೆ ನಲ್ಲಿ ನಿಲ್ಲಿಸುವುದು. ಪ್ರತಿ ಸಲವೂ ಕೆಲಸ ಮುಗಿಯುವುದು ಮಗುವಿನ ಕೈಯಲ್ಲೇ, ಮುಗಿಸಿದ ಖುಷಿಯೂ ಅದರದೇ. ಕೈಹಿಡಿದು ಮಾಡಿಸುವುದು, ಬೆರಳು ತೋರಿಸುವುದು, ಬಾಯಿಮಾತಿನಲ್ಲಿ ಹೇಳುವುದು, ಹೀಗೆ ನೆರವು ಇಳಿಯುತ್ತ ಹೋಗಬೇಕು. ನೆರವು ಹಿಂತೆಗೆಯಲು ಮರೆತರೆ ಮಗು ನಮಗಾಗಿ ಕಾಯಲು ಕಲಿಯುತ್ತದೆ.

ಈ ವಿದ್ಯೆ ಸಾಮಾನ್ಯ ಮಕ್ಕಳಿಗೂ ಬರುತ್ತದೆ ಎಂಬುದೇ ಎರಡು ತರಬೇತಿಯ ನಿಜವಾದ ಲಾಭ. ಕಳೆಯುವ ಲೆಕ್ಕದ ಪಾಠ ಎಂದಿಟ್ಟುಕೊಳ್ಳಿ. ಎಲ್ಲರ ಮುಂದೂ ಅಡಿಕೆಗಳಿರಲಿ. ಒಬ್ಬ 42ರಿಂದ 17 ಕಳೆಯುತ್ತಾನೆ, ಹತ್ತರ ಕಟ್ಟು ಬಿಚ್ಚಿ. ಇನ್ನೊಬ್ಬಳು 9ರಿಂದ 4 ಕಳೆಯುತ್ತಾಳೆ. ಬೌದ್ಧಿಕ ಅಸಾಮರ್ಥ್ಯವಿರುವ ಮಗು ಅಡಿಕೆಯನ್ನು ಒಂದೊಂದಾಗಿ ಎತ್ತಿ ಬಟ್ಟಲಿಗೆ ಹಾಕುತ್ತ ಐದರವರೆಗೆ ಎಣಿಸುತ್ತದೆ. ಪಾಠ ಒಂದೇ, ಸಾಮಗ್ರಿ ಒಂದೇ, ಮಕ್ಕಳು ಕುಳಿತದ್ದು ಒಂದೇ ಸಾಲಿನಲ್ಲಿ. ವಿಶೇಷ ಅಗತ್ಯದ ಮಗುವನ್ನು ಮೂಲೆಯಲ್ಲಿ ಕೂರಿಸಿ ಬಣ್ಣ ಹಚ್ಚಲು ಕೊಡುವುದನ್ನು ನಾನು ಒಳಗೊಳ್ಳುವ ಶಿಕ್ಷಣ ಎಂದು ಒಪ್ಪಲಾರೆ.

ಶ್ರವಣಯಂತ್ರ ಹಾಕಿದ ಮಗು ನಿಮ್ಮ ತರಗತಿಯಲ್ಲಿದ್ದರೆ ಬೆಳಗ್ಗೆ ಹಾಜರಿ ಕರೆಯುವ ಮುನ್ನ ಅರ್ಧ ನಿಮಿಷ ಆ ಮಗುವಿಗೆ ಕೊಡಿ. ಬಾಯಿ ಮರೆಮಾಡಿ ಆ, ಊ, ಈ, ಶ್, ಸ್, ಮ್ ಎಂಬ ಆರು ಧ್ವನಿಗಳನ್ನು ಹೇಳಿ, ಕೇಳಿಸಿದ್ದಕ್ಕೆ ಕೈ ಎತ್ತಿಸಿ. ಕೇಳಿಸದಿದ್ದರೆ ಬ್ಯಾಟರಿ ಮುಗಿದಿರಬಹುದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಯಂತ್ರದೊಳಗೆ ತೇವ ಸೇರುವುದೂ ಸಾಮಾನ್ಯ. ರಾತ್ರಿ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಲು ಮನೆಯವರಿಗೆ ಹೇಳಿ. ಹಲಗೆಯ ಕಡೆ ತಿರುಗಿ ಮಾತನಾಡುವ ರೂಢಿಯನ್ನು ಬಿಡಲೇಬೇಕು.

ಪರೀಕ್ಷೆ, ನೋಂದಣಿ, ಹುದ್ದೆ

ಡಿ.ಎಲ್.ಎಡ್. ಬಳಿಕ ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆಯಾದ ಕೆ-ಟೆಟ್ ಬರೆಯಿರಿ. ಎಲ್‌ಪಿಗೆ ಮೊದಲ ವಿಭಾಗ, ಯುಪಿಗೆ (ಹಿರಿಯ ಪ್ರಾಥಮಿಕ) ಎರಡನೆಯದು. 150 ಪ್ರಶ್ನೆ, ಎರಡೂವರೆ ಗಂಟೆ. ಮೊದಲ ವಿಭಾಗದಲ್ಲಿ ಶಿಶು ವಿಕಾಸ, ಗಣಿತ, ಪರಿಸರ, ಎರಡು ಭಾಷೆ, ತಲಾ 30 ಅಂಕ. ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಬಹುದು. ಸಾಮಾನ್ಯ ವರ್ಗಕ್ಕೆ ಶೇಕಡಾ 60 ಬೇಕು, ಮೀಸಲಾತಿ ವರ್ಗಗಳಿಗೆ ಕಡಿಮೆ. ಶಿಶು ವಿಕಾಸದ ಭಾಗದಲ್ಲಿ ವಿಶೇಷ ಅಗತ್ಯದ ಮಕ್ಕಳ ಬಗ್ಗೆ ಪ್ರಶ್ನೆಗಳಿರುತ್ತವೆ, ಅಲ್ಲಿ ಎರಡನೆಯ ತರಬೇತಿಯ ಓದು ನೇರವಾಗಿ ನೆರವಾಗುತ್ತದೆ. ಆಮೇಲೆ ಪಿಎಸ್‌ಸಿಯ ಎಲ್‌ಪಿ ಶಾಲಾ ಟೀಚರ್, ಕನ್ನಡ ಮಾಧ್ಯಮ ಎಂಬ ಅಧಿಸೂಚನೆಗೆ ಕಾಯಬೇಕು. ಅದು ಪ್ರತಿವರ್ಷ ಬರುವಂಥದ್ದಲ್ಲ. ಕನ್ನಡ ಹುದ್ದೆಗೆ ಕನ್ನಡ ಬಾರದವರನ್ನು ನೇಮಿಸಿದರೆಂದು ಗಡಿನಾಡಿನ ಹೆತ್ತವರು ಬೀದಿಗಿಳಿದದ್ದುಂಟು. ಅರ್ಹತೆ ಪಡೆದ ಕನ್ನಡದವರು ಪಟ್ಟಿಯಲ್ಲಿ ಹೆಚ್ಚು ಹೆಚ್ಚು ಇದ್ದಷ್ಟೂ ಆ ಹೋರಾಟಕ್ಕೆ ಬಲ.

ವಿಶೇಷ ಶಿಕ್ಷಣ ಡಿಪ್ಲೊಮಾದ ಅಂಕಪಟ್ಟಿ ಬಂದ ಕೂಡಲೇ ಆರ್‌ಸಿಐ ನೋಂದಣಿಗೆ ಅರ್ಜಿ ಹಾಕಿ, ಸಂದರ್ಶನದ ಪತ್ರ ಬರುವವರೆಗೆ ಕಾಯಬೇಡಿ. ಈ ಕ್ಷೇತ್ರದ ಕೆಲಸಗಳು ಇದುವರೆಗೆ ಹೆಚ್ಚಾಗಿ ಗುತ್ತಿಗೆಯವು, ಇದನ್ನು ಮುಚ್ಚಿಟ್ಟು ಯಾರನ್ನೂ ಈ ದಾರಿಗೆ ಕರೆಯಲಾರೆ. ಸಮಗ್ರ ಶಿಕ್ಷಾದಲ್ಲೂ ಬಡ್ಸ್ ಶಾಲೆಗಳಲ್ಲೂ ವರ್ಷಗಟ್ಟಲೆ ದುಡಿದು ಕಾಯಂ ಆಗದವರಿದ್ದಾರೆ. ಆದರೆ ಕಾನೂನು ಅವರ ಕಡೆಗೆ ವಾಲುತ್ತಿದೆ. 2021ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಸಾಮಾನ್ಯ ಶಾಲೆಗಳಲ್ಲಿ ವಿಶೇಷ ಶಿಕ್ಷಕರ ಕಾಯಂ ಹುದ್ದೆಗಳು ಬೇಕೆಂದಿತು. 2022ರಲ್ಲಿ ಕೇಂದ್ರ ಸರಕಾರ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂಬ ಅನುಪಾತ ಪ್ರಕಟಿಸಿತು. 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸುವಂತೆ ರಾಜ್ಯಗಳಿಗೆ ಮತ್ತೆ ಸೂಚಿಸಿತು. ಎರಡೂ ಅರ್ಹತೆ ಇದ್ದವರಿಗೆ ಒಂದು ಕಡೆ ತಡವಾದರೆ ಇನ್ನೊಂದು ಕಡೆ ಕೆಲಸವಿರುತ್ತದೆ.

ನಿಮ್ಮ ಫೈಲಿನಲ್ಲಿ ಇವು ಸದಾ ಇರಲಿ: ಎರಡೂ ಡಿಪ್ಲೊಮಾಗಳ ಅಂಕಪಟ್ಟಿ, ಕೆ-ಟೆಟ್ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ, ಆರ್‌ಸಿಐ ನೋಂದಣಿ. ಕೆ-ಟೆಟ್‌ಗೆ ಈಗ ಜೀವನಪೂರ್ತಿ ಮಾನ್ಯತೆ. ಆರ್‌ಸಿಐ ನೋಂದಣಿಯನ್ನು ಮಾತ್ರ ಕಾಲಕಾಲಕ್ಕೆ ನವೀಕರಿಸಬೇಕು, ಅದಕ್ಕೆ ಮಾನ್ಯತೆ ಪಡೆದ ಪುನಶ್ಚೇತನ ಕಾರ್ಯಾಗಾರಗಳ ಅಂಕ ಬೇಕು. ಇಂಥ ಕಾರ್ಯಾಗಾರಗಳು ಕೋಝಿಕ್ಕೋಡ್, ಮೈಸೂರು, ಮಂಗಳೂರುಗಳಲ್ಲಿ ನಡೆಯುತ್ತಿರುತ್ತವೆ, ಕೆಲವು ಆನ್‌ಲೈನಿನಲ್ಲೂ ಇರುತ್ತವೆ. ಅವಧಿ ಮುಗಿಯುವ ವರ್ಷ ಓಡಾಡುವ ಬದಲು ವರ್ಷಕ್ಕೊಂದೆರಡಕ್ಕೆ ಹೋಗಿಬನ್ನಿ, ಹಾಜರಾದ ಪ್ರಮಾಣಪತ್ರವನ್ನು ಅದೇ ಫೈಲಿಗೆ ಸೇರಿಸಿ.